ಕಾಡಿಗೆ ಹೋಗಬೇಡಿ ಎಂದು ಹೇಳುವ ಕೆಲಸ

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಹುದ್ದೆಯ ಹೆಸರು ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂದಿತ್ತು. ನಿವೃತ್ತಳಾಗುವ ಹೊತ್ತಿಗೆ ಅದು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂದಾಗಿತ್ತು. ಹೆಸರು ಉದ್ದವಾಯಿತೇ ಹೊರತು ಜನರ ಬಾಯಲ್ಲಿ ನಾವು ಮೊದಲೂ ಸಿಸ್ಟರ್, ಕೊನೆಗೂ ಸಿಸ್ಟರ್.

ಈಚೆಗೆ ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಕೊಪ್ಪದ ನಮ್ಮ ಮನೆಗೆ ಬಂದಿದ್ದರು. ಅವರಲ್ಲಿ ಒಬ್ಬಳಿಗೆ ನರಸಿಂಹರಾಜಪುರ ತಾಲ್ಲೂಕಿನಲ್ಲಿ ಕಾಡಂಚಿನ ಉಪಕೇಂದ್ರ ಸಿಕ್ಕಿದೆ. ಅದು ಮಂಗನ ಕಾಯಿಲೆಯ ಜಾಗ ಎಂದು ಯಾರೋ ಹೆದರಿಸಿದ್ದರಂತೆ. ಅಲ್ಲಿ ಎಂತ ಮಾಡಬೇಕು ಎಂದು ಕೇಳಿದಳು. ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಆದ್ದರಿಂದ ಬರೆಯಲು ಕುಳಿತಿದ್ದೇನೆ. ಸೂಜಿ ಚುಚ್ಚುವುದನ್ನು, ಹೆರಿಗೆ ಮಾಡಿಸುವುದನ್ನು ನಿಮಗೆ ತರಬೇತಿಯಲ್ಲಿ ನನಗಿಂತ ಚೆನ್ನಾಗಿ ಕಲಿಸಿರುತ್ತಾರೆ. ನಾನು ಬರೆಯುವುದು ಉಳಿದದ್ದನ್ನು.

ನನ್ನ ಮೊದಲ ಉಪಕೇಂದ್ರ ಶೃಂಗೇರಿಯ ಪಕ್ಕದಲ್ಲಿತ್ತು. ಅಲ್ಲಿಯ ಮೇಲ್ವಿಚಾರಕಿ ಸುಮಿತ್ರಾ ಮೇಡಂ. ಗಟ್ಟಿ ಹೆಂಗಸು. ಬಸ್ಸು ತಪ್ಪಿದರೆ ನಡೆದುಕೊಂಡೇ ಬರುತ್ತಿದ್ದರು, ಬಂದವರು ನೀರು ಕುಡಿಯುವ ಮೊದಲೇ ತಪ್ಪು ಹುಡುಕುತ್ತಿದ್ದರು. ಯಾತ್ರಿಕರ ವಸತಿಗೃಹವೊಂದರಲ್ಲಿ ಕಸ ಗುಡಿಸುವ ಹೆಂಗಸೊಬ್ಬಳ ಮಗುವಿಗೆ ತೂಕ ಏರುತ್ತಿರಲಿಲ್ಲ. ನಾನು ಮೇಡಂ ಎದುರಿಗೇ ಆಕೆಗೆ ಮೊಟ್ಟೆ, ಹಾಲು, ಸೊಪ್ಪು, ಬೇಳೆಗಳ ಮಹಿಮೆಯನ್ನು ಉದ್ದಕ್ಕೆ ಹೇಳಿದೆ. ಆಕೆ ತಲೆಯಾಡಿಸುತ್ತಾ ಕೇಳಿಸಿಕೊಂಡಳು. ಶಹಭಾಸ್‌ ಸಿಗುತ್ತದೆ ಎಂದುಕೊಂಡು ನಾನು ಹೊರಗೆ ಬಂದೆ.

"ಹೇಳಿದ್ದೆಲ್ಲ ಸರಿಯಾಗಿಯೇ ಹೇಳಿದೆ. ಅದರಲ್ಲಿ ಅವಳಿಗೆ ಗೊತ್ತಿಲ್ಲದ್ದು ಯಾವುದು?" ಎಂದರು ಮೇಡಂ.

ಮೇಡಂ ಮತ್ತೆ ಒಳಗೆ ಹೋಗಿ, ಚಾಪೆಯ ಮೇಲೆ ಕುಳಿತು, ಮಗು ಹಗಲೆಲ್ಲ ಯಾರ ಹತ್ತಿರ ಇರುತ್ತದೆ ಎಂದು ಕೇಳಿದರು. ತಾಯಿ ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೋದರೆ ಮಧ್ಯಾಹ್ನ ದಾಟಿದ ಮೇಲೆ ಬರುತ್ತಿದ್ದಳು. ಮಗು ಏಳು ವರ್ಷದ ಅಕ್ಕನ ಸೊಂಟದ ಮೇಲಿರುತ್ತಿತ್ತು. ಅಕ್ಕ ತಿಂದಾಗ ಅದೂ ತಿನ್ನುತ್ತಿತ್ತು, ಅಕ್ಕ ಆಡಲು ಹೋದರೆ ಅದಕ್ಕೂ ಉಪವಾಸ. ಮೇಡಂ ಅಂಗನವಾಡಿಯವರಿಗೆ ಹೇಳಿ ಮಗುವನ್ನು ಬೆಳಿಗ್ಗೆಯೇ ಅಲ್ಲಿ ಬಿಡುವ ಏರ್ಪಾಡು ಮಾಡಿದರು. ಅಕ್ಕ ಶಾಲೆಗೆ ಹೋದಳು, ಮಗುವಿನ ತೂಕವೂ ಏರಿತು. ಮೊಟ್ಟೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ನನಗೆ ಆಗ ಹೆಚ್ಚು ನಾಚಿಕೆಯಾದದ್ದಕ್ಕೆ ಬೇರೆಯೇ ಕಾರಣವಿತ್ತು. ನಾನು ಹುಟ್ಟಿದ್ದು ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯ ಕಡೆ. ನನ್ನ ಅಮ್ಮ ಅಲ್ಲಿ ಪರರ ತೋಟದಲ್ಲಿ ಕೂಲಿ ಮಾಡಿಯೇ ನನ್ನನ್ನು ಓದಿಸಿದ್ದಳು. ಹಾಲು ಕುಡಿದರೆ ಮಕ್ಕಳು ಬೆಳೆಯುತ್ತವೆ ಎಂಬುದನ್ನು ನನ್ನ ಅಮ್ಮನಿಗೆ ಯಾರಾದರೂ ಹೇಳಿಕೊಡಬೇಕಿತ್ತೇ? ಒಂದು ಬಿಳಿ ಸೀರೆ ಉಟ್ಟ ಮಾತ್ರಕ್ಕೆ ನಾನು ಅಷ್ಟು ದೂರ ಬಂದುಬಿಟ್ಟಿದ್ದೆ.

ಅನೇಕ ವರ್ಷಗಳ ನಂತರ ನನಗೆ ಶೆಟ್ಟಿಕೊಪ್ಪದ ಆಚೆಯ ಉಪಕೇಂದ್ರ ಸಿಕ್ಕಿತು. ಅಲ್ಲಿ ಕಾಡಿಗೆ ಅಂಟಿಕೊಂಡಂತೆ ಒಂದು ಕಾಲೊನಿ. ಇಪ್ಪತ್ತು ಚಿಲ್ಲರೆ ಮನೆ. ಎಲ್ಲರೂ ಸುತ್ತಲಿನ ತೋಟ, ಗದ್ದೆಗಳ ಕೂಲಿಯವರು, ತಲೆತಲಾಂತರದಿಂದ ಅಲ್ಲೇ ಇದ್ದವರು. ಅಡಿಕೆ ಕೊಯ್ಲು, ಸುಲಿತ ಮುಗಿಯುವವರೆಗೆ ಕೈತುಂಬ ಕೆಲಸ. ಅದು ಮುಗಿದ ಮೇಲೆ ಮಳೆಗಾಲ ಹಿಡಿಯುವವರೆಗೆ ತೋಟದ ಕೆಲಸ ತೀರ ಕಡಿಮೆ. ಆ ತಿಂಗಳುಗಳಲ್ಲಿ ಹೆಂಗಸರು ಕಾಡಿಗೆ ಹೋಗಿ ದರಗು, ಅಂದರೆ ಉದುರಿದ ಒಣ ಎಲೆ ಗುಡಿಸಿ, ದೊಡ್ಡ ಹೆಡಿಗೆಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ತೋಟದವರ ಕೊಟ್ಟಿಗೆಗೆ ಹೆಡಿಗೆ ಲೆಕ್ಕದಲ್ಲಿ ಮಾರುತ್ತಿದ್ದರು. ದನದ ಕಾಲಡಿ ಹಾಸಿ ಗೊಬ್ಬರ ಮಾಡಲು ಅದು ಬೇಕು. ಮಂಗನ ಕಾಯಿಲೆಯ ಕಾಲವೂ ಸರಿಯಾಗಿ ಅದೇ. ಕಾಯಿಲೆ ಬಂದ ಮಂಗ ಸತ್ತರೆ ಅದರ ಮೈಮೇಲಿನ ಉಣ್ಣಿಗಳು ಕೆಳಗಿನ ಒಣ ಎಲೆಗೆ ಇಳಿಯುತ್ತವೆ. ಆ ಎಲೆಯನ್ನು ತಬ್ಬಿ ಹೆಡಿಗೆಗೆ ತುಂಬುವವರಿಗೆ ಉಣ್ಣಿ ಕಚ್ಚುತ್ತದೆ. ಅವರಿಗೇ ಜ್ವರ ಬರುತ್ತದೆ.

ನನ್ನ ಕೆಲಸ ಮನೆಮನೆಗೆ ಹೋಗಿ ಜ್ವರ ಇದೆಯೇ ಎಂದು ವಿಚಾರಿಸುವುದು, ಉಣ್ಣಿ ಕಚ್ಚದಂತೆ ಕೈಕಾಲಿಗೆ ಹಚ್ಚಿಕೊಳ್ಳಲು ಎಣ್ಣೆ ಕೊಡುವುದು, ಲಸಿಕೆ ಹಾಕಿಸುವುದು, ಎಲ್ಲಕ್ಕಿಂತ ಹೆಚ್ಚಾಗಿ, ಕಾಡಿಗೆ ಹೋಗಬೇಡಿ ಎಂದು ಹೇಳುವುದು. ಆಗಿನ ಲಸಿಕೆ ಭಾರೀ ನೋವಿನದು. ನನ್ನ ಕೊಡೆ ದಾರಿಯ ತಿರುವಿನಲ್ಲಿ ಕಂಡರೆ ಗಂಡಸರು ಹಿತ್ತಲ ಬಾಗಿಲಿಂದ ಮಾಯವಾಗುತ್ತಿದ್ದರು. ಎಣ್ಣೆಯನ್ನು ಮಾತ್ರ ಬೇಡ ಅನ್ನದೆ ತೆಗೆದುಕೊಳ್ಳುತ್ತಿದ್ದರು. ಹೋದಾಗಲೆಲ್ಲ ಖಾಲಿ ಬಾಟಲಿ ತೋರಿಸುತ್ತಿದ್ದರು. ನನ್ನ ಕಾಲೊನಿಯಲ್ಲಿ ಎಲ್ಲರೂ ಎಣ್ಣೆ ಹಚ್ಚುತ್ತಾರೆ ಎಂದು ನಾನು ಸಭೆಯಲ್ಲಿ ಎದ್ದು ನಿಂತು ಹೇಳಿದ್ದೂ ಉಂಟು. ಒಂದು ದಿನ ಮನೆಯೊಂದರ ಕಂಬಕ್ಕೆ ಒರಗಿ ಕುಳಿತೆ. ಸೆರಗಿಗೆಲ್ಲ ಎಣ್ಣೆ. ಮೂಸಿ ನೋಡಿದರೆ ನಮ್ಮದೇ. ಗೆದ್ದಲು ಹಿಡಿಯುವುದಿಲ್ಲ ಎಂದು ಇಡೀ ಕಾಲೊನಿಯ ಕಂಬಗಳಿಗೆ ಬಳಿದಿದ್ದರು. ಬಿಸಿಲಿಗೆ ಅದನ್ನು ಮೈಗೆ ಹಚ್ಚಿಕೊಂಡು ದರಗು ಗುಡಿಸಿದರೆ ಧೂಳೆಲ್ಲ ಮೆತ್ತಿಕೊಂಡು ತುರಿಕೆ ಬರುತ್ತಿತ್ತಂತೆ. ಆ ಮನೆಯ ಸೊಸೆ ನಗು ತಡೆಯಲಾರದೆ ಒಳಗೆ ಓಡಿದಳು. ನನಗೂ ನಗು ಬಂತು.

ಆ ಸೊಸೆಯ ಹೆಸರು ರುಕ್ಮಿಣಿ. ಮೂವತ್ತು ದಾಟಿರಲಿಲ್ಲ. ಗಂಡ ದೂರದ ಕಾಫಿ ಎಸ್ಟೇಟಿನಲ್ಲಿದ್ದು ವಾರಕ್ಕೊಮ್ಮೆ ಬರುತ್ತಿದ್ದ. ಮನೆಯಲ್ಲಿ ಅತ್ತೆ ಕಾವೇರಮ್ಮ ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಹೆಡಿಗೆ ತುಂಬುವುದರಲ್ಲಿ ಅವಳಷ್ಟು ಚುರುಕು ಯಾರೂ ಇರಲಿಲ್ಲ. ಉಳಿದ ಹೆಂಗಸರು ಅವಳ ಹಿಂದೆಯೇ ಕಾಡಿಗೆ ಇಳಿಯುತ್ತಿದ್ದರು.

ಒಂದು ವರ್ಷ ಬೇಸಿಗೆಯ ಆರಂಭದಲ್ಲಿ ನಾನು ಕಾಲೊನಿಗೆ ಹೋದಾಗ ರುಕ್ಮಿಣಿ ಮಲಗಿದ್ದಳು. ಕಾವೇರಮ್ಮ ಬಾಗಿಲಿಗೇ ಬಂದು, ಬಿಸಿಲಿಗೆ ಸುಸ್ತಾಗಿದೆ, ಕಷಾಯ ಕೊಟ್ಟಿದ್ದೇನೆ ಎಂದರು. ಹಗಲಿನಲ್ಲಿ ಮಲಗುವ ಹೆಂಗಸಲ್ಲ ಅವಳು. ನಾನು ಒಳಗೆ ಹೋದೆ. ಮೈ ಕಾದ ಹೆಂಚು. ಕಣ್ಣು ಕೆಂಪಗೆ ಕೆಂಡವಾಗಿತ್ತು. ಸೊಂಟ, ಕಾಲು ಮುಟ್ಟಿದರೆ ನರಳುತ್ತಿದ್ದಳು. ಜ್ವರ ಬಂದು ಮೂರನೆಯ ದಿನ. ಕಾಡಿನಲ್ಲಿ ಮಂಗ ಸತ್ತದ್ದು ಕಂಡಿದ್ದೀಯಾ ಎಂದು ಕೇಳಿದೆ. ಇಲ್ಲ ಎಂದರು ಕಾವೇರಮ್ಮ. ನಾನು ರುಕ್ಮಿಣಿಯ ಮುಖವನ್ನೇ ನೋಡುತ್ತಾ ಕುಳಿತೆ. ಅವಳು ಗೋಡೆಯ ಕಡೆ ತಿರುಗಿದಳು. ಆಮೇಲೆ ತಾನಾಗಿಯೇ ಬಾಯಿ ಬಿಟ್ಟಳು. ಹಿಂದಿನ ವಾರ ಎರಡು ಮಂಗ ಬಿದ್ದಿದ್ದವು. ಹೆಂಗಸರೆಲ್ಲ ಸೇರಿ ಮಣ್ಣು ಮಾಡಿ ಮೇಲೆ ಸೊಪ್ಪು ಮುಚ್ಚಿದ್ದರು. ಯಾರಿಗೂ ಹೇಳಬಾರದು ಎಂದು ಮಾತಾಡಿಕೊಂಡಿದ್ದರು.

"ಒಂದು ಮಾತು ಹೇಳೂದಲ್ವಾ ಮಾರಾಯ್ತಿ?" ಎಂದೆ.

"ಹೇಳಿದ್ರೆ ಕಾಡಿಗೆ ಹೋಗ್ಬೇಡಿ ಅಂತೀರಿ ಸಿಸ್ಟರೇ. ಹೋಗದಿದ್ರೆ ಎಂತ ಉಣ್ಣೂದು ಅಂತ ನಿಮ್ಮ ಚೀಟಿಯಲ್ಲಿ ಬರ್ದಿದ್ದಾರಾ?"

ನಮ್ಮ ಇಲಾಖೆಯ ಕರಪತ್ರ ಅವಳ ತಲೆಯ ಮೇಲಿನ ಗೋಡೆಯಲ್ಲೇ ಅಂಟಿತ್ತು. ಅಂಟಿಸಿದವಳು ನಾನೇ. ಅದರಲ್ಲಿ ಅವಳು ಕೇಳಿದ್ದಕ್ಕೆ ಉತ್ತರವಿರಲಿಲ್ಲ. ಉತ್ತರ ಹುಡುಕಲು ಆಗ ಹೊತ್ತೂ ಇರಲಿಲ್ಲ. ಈ ಜ್ವರಕ್ಕೆ ಇದೇ ಎಂಬ ಮದ್ದಿಲ್ಲ, ಬೇಗ ದೊಡ್ಡ ಆಸ್ಪತ್ರೆ ಸೇರಿ ಮೈಯೊಳಗೆ ನೀರು ಕಡಿಮೆಯಾಗದಂತೆ, ರಕ್ತ ಸೋರದಂತೆ ನೋಡಿಕೊಂಡರೆ ಬದುಕುತ್ತಾರೆ. ಆಂಬುಲೆನ್ಸಿಗೆ ಫೋನು ಮಾಡುತ್ತೇನೆ ಎಂದೆ. ಕಾವೇರಮ್ಮ ಅಡ್ಡ ನಿಂತರು. ಹಿಂದೆ ಆ ಕಾಲೊನಿಯಿಂದ ಒಬ್ಬನನ್ನು ಕಡೆಯ ಗಳಿಗೆಯಲ್ಲಿ ಘಟ್ಟದ ಕೆಳಗಿನ ಆಸ್ಪತ್ರೆಗೆ ಒಯ್ದಿದ್ದರು, ಅವನು ಹೆಣವಾಗಿ ವಾಪಸು ಬಂದಿದ್ದ. ಅಲ್ಲಿಗೆ ಹೋದವರು ತಿರುಗಿ ಬರುವುದಿಲ್ಲ ಎಂಬುದು ಅಂದಿನಿಂದ ಅವರ ನಂಬಿಕೆ. ಜೊತೆಗೆ, ಮಗ ಊರಲ್ಲಿಲ್ಲ, ಸೊಸೆಯ ಜೊತೆ ಹೋಗಿ ಕೂರುವವರು ಯಾರು, ಹೋದವರ ಕೂಲಿ ಏನಾಗಬೇಕು, ಈ ಮಕ್ಕಳಿಗೆ ಗಂಜಿ ಕಾಯಿಸುವವರು ಯಾರು? ಒಂದೊಂದೂ ನ್ಯಾಯವಾದ ಪ್ರಶ್ನೆಯೇ.

ನಾನು ಅವರ ಕೈ ಹಿಡಿದುಕೊಂಡೆ.

"ಅಮ್ಮ, ಇವತ್ತು ಅವಳ ಜೊತೆ ನಾನೇ ಹೋಗ್ತೇನೆ. ನಾಳೆ ಇಲ್ಲಿಗೆ ಬಂದು ಅವಳು ಹೇಗಿದ್ದಾಳೆ ಅಂತ ನಾನೇ ಹೇಳ್ತೇನೆ. ಸುಳ್ಳು ಹೇಳೂದಿಲ್ಲ."

"ಬಾರದಿದ್ರೆ?"

"ನಾಳೆ ಬಾರದಿದ್ರೆ ಮತ್ತೆ ನನ್ನನ್ನ ಈ ಬಾಗಿಲು ಹತ್ತಿಸ್ಬೇಡಿ."

ಅವರು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು. ಆಂಬುಲೆನ್ಸ್ ಬರುವಷ್ಟರಲ್ಲಿ ನಾನೂ ಆಶಾ ಕಾರ್ಯಕರ್ತೆಯೂ ಉಳಿದ ಮನೆಗಳನ್ನೆಲ್ಲ ಹೊಕ್ಕು ನೋಡಿದೆವು. ಇನ್ನೂ ಇಬ್ಬರು ಹೆಂಗಸರು ಜ್ವರ ಮುಚ್ಚಿಟ್ಟುಕೊಂಡು ಮಲಗಿದ್ದರು. ರುಕ್ಮಿಣಿ ಹೊರಡುತ್ತಾಳೆ ಎಂದು ಗೊತ್ತಾದ ಮೇಲೆ ಅವರೂ ಎದ್ದರು. ಕೊಪ್ಪ ದಾಟಿ ಆಗುಂಬೆ ಘಾಟಿ ಇಳಿಯುವಾಗ ರುಕ್ಮಿಣಿಯ ವಸಡಿನಲ್ಲಿ ರಕ್ತ ಕಾಣಿಸಿತು. ಹತ್ತಿಯಲ್ಲಿ ಒರೆಸುತ್ತಾ, ಏನೂ ಆಗಿಲ್ಲ ಎಂಬ ಮುಖ ಮಾಡಿಕೊಂಡು ಕುಳಿತಿದ್ದೆ. ಆ ಘಾಟಿಯಷ್ಟು ಉದ್ದದ ರಸ್ತೆಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಮರುದಿನ ಮೊದಲ ಬಸ್ಸಿಗೆ ಹೊರಟು ಕಾಲೊನಿಗೆ ಬಂದೆ. ಕಾವೇರಮ್ಮ ಜಗಲಿಯಲ್ಲೇ ಕುಳಿತಿದ್ದರು. ಅಪಾಯ ದಾಟಿಲ್ಲ, ಆದರೆ ಹೊತ್ತಿಗೆ ಸರಿಯಾಗಿ ಸೇರಿಸಿದ್ದೀರಿ ಎಂದು ಡಾಕ್ಟರು ಹೇಳಿದ್ದಾರೆ ಎಂದು ಇದ್ದದ್ದನ್ನು ಇದ್ದಂತೆಯೇ ಹೇಳಿದೆ. ಆಮೇಲೆ ದಿನವೂ ಹೋದೆ. ಆಸ್ಪತ್ರೆಯ ದಾದಿಗೆ ಫೋನು ಮಾಡಿ, ನನ್ನ ಮೊಬೈಲನ್ನು ಕಾವೇರಮ್ಮನ ಕಿವಿಗೆ ಹಿಡಿಯುತ್ತಿದ್ದೆ. ಒಂದು ದಿನ ಆ ಕಡೆಯಿಂದ ರುಕ್ಮಿಣಿಯೇ ಮಾತಾಡಿದಳು. ಮಕ್ಕಳಿಗೆ ಸಾರಿಗೆ ಖಾರ ಹೆಚ್ಚು ಹಾಕಬೇಡಿ ಎಂದಳಂತೆ. ಅದನ್ನು ಕೇಳಿ ಮುದುಕಿ ಫೋನನ್ನು ನನ್ನ ಕೈಗಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡರು. ಮೂವರೂ ಬದುಕಿ ಬಂದರು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಒಬ್ಬ ಒಳ್ಳೆಯ ನರ್ಸ್ ಅಷ್ಟೇ ಆಗಿರುತ್ತಿದ್ದೆ. ಸತ್ತ ಮಂಗವನ್ನು ಹೂತಿಟ್ಟ ಸುದ್ದಿ ಮೇಲಿನವರಿಗೂ ತಲುಪಿತ್ತು. ಸಭೆಯಲ್ಲಿ ಹಿರಿಯ ಅಧಿಕಾರಿಯೊಬ್ಬರು ಕೆಂಡಾಮಂಡಲವಾದರು. ಮುಚ್ಚಿಟ್ಟವರ ಮೇಲೆ ಪೊಲೀಸರಿಗೆ ದೂರು ಕೊಡಬೇಕು, ಒಬ್ಬರಿಗೆ ಶಿಕ್ಷೆಯಾದರೆ ಉಳಿದವರಿಗೆ ಬುದ್ಧಿ ಬರುತ್ತದೆ ಎಂದರು. ನಾನು ಎದ್ದು ನಿಂತೆ. ದೂರು ಕೊಟ್ಟರೆ ಇನ್ನು ಮುಂದೆ ಮಂಗವನ್ನಷ್ಟೇ ಅಲ್ಲ, ಜ್ವರವನ್ನೂ ಮುಚ್ಚಿಡುತ್ತಾರೆ ಸರ್, ಆಮೇಲೆ ನಮಗೆ ಸಿಗುವುದು ಹೆಣ ಎಂದೆ.

ನಮ್ಮ ಆರೋಗ್ಯ ಕೇಂದ್ರದ ಡಾಕ್ಟರು ವಿಜಯಪುರ ಕಡೆಯ ಯುವಕ, ಮಲ್ಲಿಕಾರ್ಜುನ ಎಂದು ಹೆಸರು. ಮಲೆನಾಡಿಗೆ ಬಂದು ವರ್ಷವೂ ಆಗಿರಲಿಲ್ಲ. ಅವರು ಅಧಿಕಾರಿಯಿಂದ ಒಂದು ತಿಂಗಳ ಸಮಯ ಕೇಳಿಕೊಂಡರು. ಹೊರಗೆ ಬಂದ ಮೇಲೆ ನನ್ನನ್ನು ಕರೆದರು.

"ಸಿಸ್ಟರ್, ಮೊದಲ ಒಂದ್ ಮಾತ್ ಹೇಳ್ರಿ. ದರಗು ಅಂದ್ರ ಏನ್ರಿ?"

ಹೇಳಿದೆ. ಅದನ್ನು ಯಾರು ಕೊಳ್ಳುತ್ತಾರೆ ಎಂದು ಕೇಳಿದರು. ಅದನ್ನೂ ಹೇಳಿದೆ. ಹಾಗಾದರೆ ಮಾರುವವರ ಮನೆಗೆ ಇಷ್ಟು ವರ್ಷ ಹೋದದ್ದಾಯಿತು, ಕೊಳ್ಳುವವರ ಮನೆಗೂ ಒಮ್ಮೆ ಹೋಗೋಣ ಎಂದರು. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ.

ಆ ಭಾಗದಲ್ಲಿ ಹೆಚ್ಚು ದರಗು ಹಾಕಿಸಿಕೊಳ್ಳುತ್ತಿದ್ದವರು ಶ್ರೀಧರಯ್ಯ. ಅಡಿಕೆ ತೋಟ, ಸ್ವಲ್ಪ ಗದ್ದೆ, ಕೊಟ್ಟಿಗೆ ತುಂಬ ದನ. ಕೆಟ್ಟವರಲ್ಲ, ರುಕ್ಮಿಣಿ ಆಸ್ಪತ್ರೆಯಲ್ಲಿದ್ದಾಗ ಅವಳ ಮನೆಗೆ ಅಕ್ಕಿ ಕಳಿಸಿದವರೂ ಅವರೇ. ತಮ್ಮ ತೋಟದ ಗೊಬ್ಬರದ ಬಗ್ಗೆ ಮಾತ್ರ ಬಹಳ ಅಭಿಮಾನ. ಕಾಫಿ ಕೊಟ್ಟು ಉಪಚಾರ ಮಾಡಿದ ಮೇಲೆ, ಕಾಯಿಲೆಯ ಕಾಲದಲ್ಲಿ ದರಗು ಕೊಳ್ಳಬೇಡಿ ಎಂಬ ನಮ್ಮ ಮಾತಿಗೆ ಅವರು ಆಗುವುದಿಲ್ಲ ಎಂದು ತಲೆಯಾಡಿಸಿಬಿಟ್ಟರು. ದರಗಿಲ್ಲದೆ ಗೊಬ್ಬರ ಎಲ್ಲಿಂದ, ಗೊಬ್ಬರವಿಲ್ಲದೆ ಫಸಲು ಎಲ್ಲಿಂದ, ತಾನು ಕೊಳ್ಳದಿದ್ದರೆ ಆ ಹೆಂಗಸರು ಇನ್ನೊಬ್ಬರಿಗೆ ಕೊಡುತ್ತಾರೆ, ಅವರ ಅನ್ನ ತಪ್ಪಿಸಿದ ಪಾಪ ತನಗೆ ಏಕೆ ಎಂದರು.

ಅಷ್ಟು ಹೊತ್ತಿಗೆ ಅವರ ಸೊಸೆ ಹಾಲಿನ ಬಕೆಟ್ ಹಿಡಿದು ಕೊಟ್ಟಿಗೆಯಿಂದ ಬಂದಳು. ಕಾಲಿಗೆ ಚಪ್ಪಲಿ ಇರಲಿಲ್ಲ, ಒಣ ಎಲೆಯ ಚೂರು ಸೀರೆಯ ಅಂಚಿಗೆ ಅಂಟಿತ್ತು. ಕಾಡಿನಿಂದ ಬಂದ ಹೆಡಿಗೆಯಲ್ಲಿ ಎಲೆ ಮಾತ್ರ ಬರುವುದಿಲ್ಲ, ಉಣ್ಣಿಯೂ ಬರುತ್ತದೆ, ಅದು ಯಾರ ಮನೆಯ ಕಾಲು ಎಂದು ಕೇಳಿ ಕಚ್ಚುವುದಿಲ್ಲ ಎಂದೆ. ಶ್ರೀಧರಯ್ಯ ಸೊಸೆಯ ಕಾಲನ್ನೇ ನೋಡಿದರು. ಆಮೇಲೆ ಎದ್ದು ಅಂಗಳದ ಅಂಚಿಗೆ ಹೋಗಿ ತೋಟದ ಕಡೆ ನೋಡುತ್ತಾ ನಿಂತರು. ಅಡಿಕೆಯ ಒಣ ಸೋಗೆ, ಅಂದರೆ ಉದುರಿದ ಗರಿ, ಮರಗಳ ಬುಡದಲ್ಲಿ ರಾಶಿ ಬಿದ್ದಿತ್ತು.

"ಸೋಗೆ ಬೇಕಾದಷ್ಟು ಉಂಟು. ಕೊಚ್ಚಿ ಹಾಕಿದ್ರೆ ಕೊಟ್ಟಿಗೆಗೂ ಆಗ್ತದೆ, ಗೊಬ್ಬರಕ್ಕೂ ಆಗ್ತದೆ. ಆದ್ರೆ ಕೊಚ್ಚೂದು ಯಾರು ಮಾರಾಯ್ರೆ?"

"ದರಗು ಹೊರ್ತಿದ್ದವರೇ ಕೊಚ್ತಾರೆ. ಹೆಡಿಗೆ ಲೆಕ್ಕ ಬೇಡ. ತೋಟದ ಕೆಲಸದ ಕೂಲಿ ಕೊಡಿ," ಎಂದೆ.

ಡಾಕ್ಟರು ನನ್ನ ಕಡೆ ನೋಡಿದರು. ಇದು ಆರೋಗ್ಯ ಇಲಾಖೆಯ ಮಾತಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಶ್ರೀಧರಯ್ಯ, ಈ ಒಂದು ವರ್ಷ ನೋಡುತ್ತೇನೆ ಎಂದರು. ನಮಗೆ ಅಷ್ಟು ಸಾಕಿತ್ತು. ಪೊಲೀಸ್ ದೂರಿನ ಮಾತನ್ನು ಆ ಅಧಿಕಾರಿಯೂ ಮತ್ತೆ ಎತ್ತಲಿಲ್ಲ.

ಎಲ್ಲರೂ ಒಪ್ಪಿದರು ಎಂದಲ್ಲ. ತೋಟದವರೊಬ್ಬರು, ನೀವು ಸೂಜಿ ಚುಚ್ಚುವವರೋ ಕೂಲಿಯವರ ಸಂಘದವರೋ ಎಂದು ಕೇಳಿ ನನ್ನನ್ನು ಗೇಟಿನಲ್ಲೇ ನಿಲ್ಲಿಸಿ ಕಳಿಸಿದರು. ಮರುವರ್ಷ ಶ್ರೀಧರಯ್ಯನವರ ಗೊಬ್ಬರದ ಗುಂಡಿ ನೋಡಿದ ಮೇಲೆ ಇನ್ನು ಕೆಲವರು ತಾವಾಗಿಯೇ ಸೋಗೆ ಕೊಚ್ಚಿಸಲು ಶುರು ಮಾಡಿದರು. ಡಾಕ್ಟರೂ ನಾನೂ ಪಂಚಾಯಿತಿಗೆ ಹೋಗಿ ಕುಳಿತೆವು. ಉದ್ಯೋಗ ಖಾತರಿಯ ಇಂಗುಗುಂಡಿ ಕೆಲಸವನ್ನು ಬೇರೆ ತಿಂಗಳಲ್ಲಿ ಮಾಡಿಸುವ ಬದಲು ಕಾಯಿಲೆಯ ಕಾಲದಲ್ಲೇ, ಕಾಡಿನ ಅಂಚು ಬಿಟ್ಟು ಊರೊಳಗಿನ ಜಾಗದಲ್ಲಿ ಮಾಡಿಸಿ ಎಂದು ಕೇಳಿಕೊಂಡೆವು. ಒಂದೆರಡು ಸಲ ಅಲೆದಾಡಿಸಿದರು, ಆಮೇಲೆ ಮಾಡಿಸಿದರು. ಸೌದೆಯ ಮಾತು ಉಳಿದಿತ್ತು. ಗ್ಯಾಸಿನ ಒಲೆ ಬಂದ ಮನೆಗಳಲ್ಲೂ ಸಿಲಿಂಡರ್ ಮುಗಿದರೆ ಸೌದೆಯೇ ಗತಿ. ತೋಟದಲ್ಲಿ ಬಿದ್ದ ಅಡಿಕೆಯ ಒಣ ಹಾಳೆ, ಕಡಿದ ಕೊಂಬೆಗಳನ್ನು ಒಯ್ಯಲು ಬಿಡಿ ಎಂದು ಕೇಳಿದೆ. ಅದಕ್ಕೆ ಹೆಚ್ಚಿನವರು ಇಲ್ಲ ಎನ್ನಲಿಲ್ಲ.

ರುಕ್ಮಿಣಿ ಚೇತರಿಸಿಕೊಳ್ಳಲು ಮಳೆಗಾಲವೇ ಬೇಕಾಯಿತು. ಮುಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವಳ ಫೋನು ಬಂತು.

"ಸಿಸ್ಟರೇ, ಕಾಲೊನಿ ಹಿಂದೆ ಮಂಗ ಬಿದ್ದಿದೆ. ಯಾರೂ ಹತ್ರ ಹೋಗ್ಲಿಲ್ಲ. ನಾನು ದಾರಿಗೆ ಅಡ್ಡ ಮುಳ್ಳು ಹಾಕಿ ಇಲ್ಲೇ ನಿಂತಿದ್ದೇನೆ. ನೀವು ಬನ್ನಿ."

ನಾವು ಹೋಗಿ, ಪಶುವೈದ್ಯರು ಬಂದು, ಮಂಗವನ್ನು ಸುಟ್ಟು, ಸುತ್ತ ಉಣ್ಣಿ ಸಾಯುವ ಪುಡಿ ಹಾಕಿಸುವವರೆಗೂ ಅವಳು ಆ ಮುಳ್ಳಿನ ಪಕ್ಕದಿಂದ ಕದಲಲಿಲ್ಲ. ಆ ವರ್ಷ ಸುತ್ತಮುತ್ತ ಜ್ವರವಿತ್ತು. ಆ ಕಾಲೊನಿಯಲ್ಲಿ ಒಬ್ಬರಿಗೂ ಬರಲಿಲ್ಲ. ಸರ್ಕಾರದಿಂದ ನನಗೆ ಯಾವ ಪದಕವೂ ಬಂದಿಲ್ಲ. ಬಂದಿದ್ದರೂ ಅವಳ ಆ ಫೋನಿಗೆ ಸಮನಾಗುತ್ತಿರಲಿಲ್ಲ.

ಎಲ್ಲ ಕಡೆ ಗೆದ್ದೆ ಎಂದು ತಿಳಿಯಬೇಡಿ. ನನ್ನ ವ್ಯಾಪ್ತಿಯದೇ ಇನ್ನೊಂದು ಊರಿನಲ್ಲಿ ಬೈರಪ್ಪ ಎಂಬ ಸೌದೆ ಕಡಿಯುವವನು ಜ್ವರವನ್ನು ವಾರ ಪೂರ್ತಿ ಮುಚ್ಚಿಟ್ಟುಕೊಂಡು ತೀರಿಹೋದ. ಅವನ ಹೆಂಡತಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಎಲ್ಲರಿಗೂ ಒಬ್ಬ ಶ್ರೀಧರಯ್ಯ ಸಿಗುವುದಿಲ್ಲ. ಒಬ್ಬ ನರ್ಸ್ ಓಡಾಡಿದರೆ ಬಡತನ ಹೋಗುವುದೂ ಇಲ್ಲ. ಆದರೆ ಆ ಬಡತನ ಯಾವ ತಿಂಗಳಲ್ಲಿ, ಯಾವ ಬಾಗಿಲಿನಿಂದ ಕಾಯಿಲೆಯನ್ನು ಒಳಗೆ ಕರೆಯುತ್ತದೆ ಎಂಬುದನ್ನು ನಾವು ನೋಡಬಹುದು. ಆ ಬಾಗಿಲು ಮುಚ್ಚಲು ಯಾರ್ಯಾರ ಕೈ ಬೇಕೋ ಅವರನ್ನು ಕರೆತಂದು ನಿಲ್ಲಿಸಬಹುದು.

ಕೆಲಸದ ರೀತಿಯೂ ಬದಲಾಯಿತು. ಮೊದಲೆಲ್ಲ ರಕ್ತದ ಮಾದರಿಯನ್ನು ಐಸಿನಲ್ಲಿಟ್ಟು ಬಸ್ಸಿನಲ್ಲಿ ಕಳಿಸಿ ವರದಿಗೆ ಕಾಯಬೇಕಿತ್ತು, ಈಗ ಬೇಗ ಗೊತ್ತಾಗುತ್ತದೆ. ಹಳೆಯ ಲಸಿಕೆ ನಿಂತಿದೆ. ಹೊಸ ಎಣ್ಣೆ ಅಷ್ಟು ಅಂಟುವುದಿಲ್ಲ, ಜನ ಮೈಗೇ ಹಚ್ಚುತ್ತಾರೆ. ನಾವು ಎಲ್ಲಿದ್ದೇವೆ ಎಂಬುದನ್ನು ಮೇಲಿನವರು ಕುಳಿತಲ್ಲಿಂದಲೇ ಮೊಬೈಲಿನಲ್ಲಿ ನೋಡುತ್ತಾರೆ. ಅದಕ್ಕೆ ಹೆದರಬೇಡಿ, ನಡೆಯುವವರಿಗೆ ಅದರಿಂದ ತೊಂದರೆಯಿಲ್ಲ.

ನಿವೃತ್ತಿಗೆ ಮುಂಚಿನ ಕೊನೆಯ ಬೇಸಿಗೆ. ಎಂದಿನಂತೆ ಜ್ವರದ ಸಮೀಕ್ಷೆಗೆ ಕಾಲೊನಿಗೆ ಹೋದೆ. ಮೊದಲ ಮನೆಗೆ ಚಿಲಕ. ಎರಡನೆಯದಕ್ಕೂ ಚಿಲಕ. ಮಕ್ಕಳು ಶಾಲೆಗೆ ಹೋಗಿದ್ದರು. ಕೋಳಿಗಳನ್ನು ಬಿಟ್ಟರೆ ಅಂಗಳದಲ್ಲಿ ಯಾರೂ ಇಲ್ಲ. ಆ ತಿಂಗಳಲ್ಲಿ ಆ ಕಾಲೊನಿಯ ಬಾಗಿಲುಗಳ ಹಿಂದೆ ನರಳಾಟ ಕೇಳಿದ್ದವಳು ನಾನು. ಎಲ್ಲರೂ ಮತ್ತೆ ದರಗಿಗೆ ಹೋದರೇ ಎಂದುಕೊಂಡೆ. ಕಾಡಿನ ದಾರಿಯವರೆಗೆ ಹೋಗಿ ನೋಡಿದೆ. ದಾರಿಯಲ್ಲಿ ಹೊಸದಾಗಿ ಕಾಲು ಬಿದ್ದ ಗುರುತಿಲ್ಲ, ಹುಲ್ಲು ಬೆಳೆದಿತ್ತು. ಅಷ್ಟರಲ್ಲಿ ಕೆಳಗಿನ ತೋಟದ ಕಡೆಯಿಂದ ಸೋಗೆ ಕೊಚ್ಚುವ ಸದ್ದು ಕೇಳಿತು. ಜೊತೆಗೆ ಹೆಂಗಸರ ನಗು, ರುಕ್ಮಿಣಿಯ ದೊಡ್ಡ ಗಂಟಲು.

ನಾನು ಕೆಳಗೆ ಇಳಿಯುವ ಮೊದಲೇ ಹೊಸ ಮೇಲ್ವಿಚಾರಕರ ಫೋನು ಬಂತು. ಇಷ್ಟು ಹೊತ್ತಾದರೂ ಒಂದು ಮನೆಯ ಮಾಹಿತಿಯೂ ಬಂದಿಲ್ಲವಲ್ಲ, ಏನು ಸಮಸ್ಯೆ ಎಂದು ಕೇಳಿದರು.

"ಸಮಸ್ಯೆ ಏನೂ ಇಲ್ಲ ಸರ್," ಎಂದೆ. "ಮನೆಯಲ್ಲಿ ಯಾರೂ ಇಲ್ಲ. ಎಲ್ಲರಿಗೂ ಕೆಲಸ ಇದೆ."